ಎರಡು ನೂರು ಎಂದು ಬರೆದ ಮಾಸ್ತರ

ಹತ್ತನೆಯ ತರಗತಿಯ ಕನ್ನಡ ಪರೀಕ್ಷೆಯಲ್ಲಿ ಒಂದು ಪತ್ರ ಬರೆಯಲು ಕೇಳುತ್ತಾರೆ. ನಮ್ಮೂರಿಗೆ ಬಸ್ಸು ಬಿಡಿ ಎಂದೋ, ಚರಂಡಿ ತೆಗೆಸಿ ಎಂದೋ ಮಕ್ಕಳು ಬರೆಯುತ್ತಾರೆ. ಅಂಕ ಬರುತ್ತದೆ, ಬಸ್ಸು ಬರುವುದಿಲ್ಲ. ಇದು ನಿಮಗೆ ಗೊತ್ತಿರುವ ಮಾತೇ. ನೀವೂ ಬರೆದಿದ್ದೀರಿ, ಅಂಕ ಎಣಿಸಿಕೊಂಡಿದ್ದೀರಿ, ಮರೆತಿದ್ದೀರಿ.

ಬದ್ರೋದ್ದೀನ ಮಾಸ್ತರರು ಆ ಪತ್ರವನ್ನು ಇಪ್ಪತ್ತೊಂದು ವರ್ಷ ಕಲಿಸಿದವರು. ಔರಾದ ತಾಲೂಕಿನಲ್ಲಿ, ಡಾಬಕಾ ಕಡೆಗೆ ಹೋಗುವ ದಾರಿಯ ಮೇಲಿನ ಒಂದು ಸರ್ಕಾರಿ ಪ್ರೌಢಶಾಲೆಯ ಕನ್ನಡ ಮಾಸ್ತರ. ಮನೆ ಬೀದರ ನಗರದಲ್ಲಿ. ದಿನಾ ಮುಂಜಾನೆ ಔರಾದಿನವರೆಗೆ ಬಸ್ಸು, ಅಲ್ಲಿಂದ ಮುಂದೆ ಸಿಕ್ಕ ಜೀಪು. ಅಪ್ಪ ಅಬ್ದುಲ ಅಜೀಜ ಅಲ್ಲಿನ ಧಾನ್ಯದ ಪೇಟೆ ಗಾಂಧಿ ಗಂಜದಲ್ಲಿ ತೊಗರಿ ಚೀಲ ಹೊತ್ತವನು. ಮನೆಮಾತು ದಖ್ಖನಿ. ಗಂಜದ ಹತ್ತಿರದ್ದು ಕನ್ನಡ ಸಾಲಿ, ಉರ್ದು ಸಾಲಿ ದೂರ ಎಂಬ ಒಂದೇ ಕಾರಣಕ್ಕೆ ಮಗನನ್ನು ಕನ್ನಡಕ್ಕೆ ಹಾಕಿದ್ದ. ಮಗ ಆ ಭಾಷೆಯನ್ನು ಹಿಡಿದವನು ಬಿಡಲಿಲ್ಲ. ಎಂ.ಎ.ವರೆಗೂ ಅದನ್ನೇ ಓದಿದ, ಅದರಲ್ಲೇ ಅನ್ನ ಹುಡುಕಿಕೊಂಡ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಭಾಲ್ಕಿಯಲ್ಲಿ ಒಂದು ತರಬೇತಿ ಇತ್ತು. ಮಾಸ್ತರರು ಎದ್ದು ನಿಂತು ನಾಲ್ಕು ಮಾತಾಡಿ ಕುಳಿತರು. ಪಕ್ಕದ ಶಿಕ್ಷಕ ಬೆನ್ನು ತಟ್ಟಿ, "ಚಲೋ ಮಾತಾಡ್ತೀರಿ ಬಿಡ್ರಿ. ನಿಮ್ಮ ಮಂದಿಗಿ ಇಷ್ಟ ಕನ್ನಡ ಬಂತಂದ್ರ ಭಾಳ ಆಯ್ತು" ಎಂದ. ಹೊಗಳಿಕೆ ಎಂದೇ ತಿಳಿದು ಆಡಿದ ಮಾತು ಅದು. ಆವತ್ತಿನಿಂದ ಮಾಸ್ತರರ ಕನ್ನಡ ಭಾರವಾಗುತ್ತ ಹೋಯಿತು. ಮಳೆ ಹೋಗಿ ವರ್ಷಧಾರೆ ಬಂತು, ಕಣ್ಣೀರು ಹೋಗಿ ಅಶ್ರುಬಿಂದು ಬಂತು. ಸುತ್ತಲಿನ ಹಳ್ಳಿಗಳಲ್ಲಿ ಯಾರಿಗೆ ಅರ್ಜಿ ಬೇಕಾದರೂ ಅವರ ಬಳಿಗೇ ಓಡಿ ಬರುತ್ತಿದ್ದರು. "ಮಾಸ್ತರ್ ಬರದ್ರ ಸಾಹೇಬ ಪುಸ್ತಕ ತೆಗದು ಅರ್ಥ ನೋಡಬೇಕು" ಎಂದು ಜನ ಹೆಮ್ಮೆಪಡುತ್ತಿದ್ದರು. ಮಾಸ್ತರರು ಯಾರಿಂದಲೂ ಒಂದು ಕಪ್ ಚಹಾ ಕೂಡ ಮುಟ್ಟಲಿಲ್ಲ. ಆ ಹೊಗಳಿಕೆಯೇ ಅವರಿಗೆ ಸಾಕಾಗಿತ್ತು. ಸಾಹೇಬ ಅರ್ಥ ನೋಡುವ ಗೋಜಿಗೇ ಹೋಗದೆ ಅರ್ಜಿಯನ್ನು ಬದಿಗಿಡುತ್ತಾನೆ ಎಂಬುದು ಯಾರ ತಲೆಗೂ ಹೋಗಲಿಲ್ಲ.

ಆದರೆ ತರಗತಿಯೊಳಗೆ ಇದೇ ಮನುಷ್ಯ ಬೇರೆ. ಅಲ್ಲಿ ಎದುರಿಗೆ ಕೂರುವವರಲ್ಲಿ ಅರ್ಧ ಮಂದಿಯ ಮನೆಮಾತು ಮರಾಠಿ, ಕೆಲವರದು ದಖ್ಖನಿ, ಕೆಲವರದು ಲಂಬಾಣಿ. ಅವರ ಮುಂದೆ ಅಶ್ರುಬಿಂದು ನಡೆಯುವುದಿಲ್ಲ. ಹೋದ ವರ್ಷ ಒಂಬತ್ತನೆಯ ತರಗತಿಗೆ ವಾದ ಮಂಡಿಸಿ ಬರೆಯುವುದನ್ನು ಕಲಿಸಲು ಹೋದ ದಿನ ಕರಿಹಲಗೆಯ ಮೇಲೆ ಐದು ಶಬ್ದ ಬರೆದರು. ವಾದ, ಆಧಾರ, ತರ್ಕ, ಪ್ರತಿವಾದ, ಓದುಗ.

"ಇವು ಪರೀಕ್ಷಾಕ್ಕಷ್ಟೇ ಅಂತ ತಿಳ್ಕೊಬ್ಯಾಡ್ರಿ," ಎಂದರು. "ದಿನಾ ನಿಮ್ಮ ಮನ್ಯಾಗ ನಡೆಯೋವೇ ಇವು. ವಾದ ಅಂದ್ರ ನೀ ಏನಂತಿ. ಆಧಾರ ಅಂದ್ರ, ನೀ ಅನ್ನೂದು ಖರೆ ಅಂತ ನನಗ ಹ್ಯಾಂಗ ಗೊತ್ತಾಗಬೇಕು. ತರ್ಕ ಅಂದ್ರ ಆ ಆಧಾರದಿಂದ ಈ ಮಾತಿಗಿ ಯಾವ ಹಾದಿಲೆ ಬಂದಿ. ಪ್ರತಿವಾದ ಅಂದ್ರ ಎದುರ ಕುಂತಾಂವ ಏನಂತಾನ. ಓದುಗ ಅಂದ್ರ ಇದೆಲ್ಲಾ ಯಾರ ಮುಂದ ಅನ್ಲತ್ತಿ."

ಹಿಂದಿನ ಬೆಂಚಿನಿಂದ ಒಂದು ದನಿ ಬಂತು. "ಸರ್, ನಮ್ಮವ್ವ ಪ್ರತಿವಾದ ಕೇಳಾದೇ ಇಲ್ರಿ. ಸೀದಾ ಲಟ್ಟಣಗಿ ತೊಗೋತಾಳ."

"ಅಕಿ ಬಲ್ಲಿ ಆಧಾರ ಗಟ್ಟಿ ಇರ್ತದಪ್ಪ," ಎಂದರು ಮಾಸ್ತರರು. ತರಗತಿ ಹೋ ಎಂದು ನಕ್ಕಿತು.

ನಗು ನಿಂತ ಮೇಲೆ ಮೂರನೆಯ ಬೆಂಚಿನ ಕಾಜಲ ಎದ್ದು ನಿಂತಳು. ಡಾಬಕಾ ದಾಟಿದ ಮೇಲೆ ಬರುವ ಧನಗರವಾಡಿಯ ಹುಡುಗಿ. ಅಪ್ಪ ಧೊಂಡಿಬಾನಿಗೆ ನಲವತ್ತು ಕುರಿ, ಮೂರೆಕರೆ ಒಣಭೂಮಿ. "ಸರ್, ಮೊಬೈಲ್ ಒಳ್ಳೇದೋ ಕೆಟ್ಟದ್ದೋ ಅಂತ ಬರಿಯೂದು ಬ್ಯಾಡ್ರಿ. ಅದು ಎಲ್ಲಾರೂ ಬರೀತಾರ. ನಾವು ಬಸ್ಸಿಂದು ಬರೀತೇವಿ."

"ಬರೀರಿ. ಆದರ ಆಧಾರ ಬೇಕು. ಬಸ್ ನಿಂದ್ರಲ್ಲ, ನಿಂದ್ರಲ್ಲ ಅಂತ ಅತ್ತರ ಆಗಲ್ಲ."

ಬಸ್ಸಿನ ಕಥೆ ಇಷ್ಟು. ಗಡಿ ಕಡೆಯಿಂದ ಔರಾದಿಗೆ ಹೋಗುವ ಮುಂಜಾನೆಯ ಬಸ್ಸು ಧನಗರವಾಡಿಯ ಕ್ರಾಸಿನಲ್ಲಿ ಚಾಲಕನಿಗೆ ಮನಸ್ಸಿದ್ದರೆ ನಿಲ್ಲುತ್ತದೆ, ಇಲ್ಲದಿದ್ದರೆ ಧೂಳು ಎಬ್ಬಿಸಿ ಹೋಗುತ್ತದೆ. ಹೋದರೆ ಹುಡುಗಿಯರು ಐದು ಕಿಲೋಮೀಟರು ನಡೆದು ಬರಬೇಕು. ಬಂದು ಮುಟ್ಟುವಷ್ಟರಲ್ಲಿ ಮೊದಲ ಪಾಠ ಮುಗಿದಿರುತ್ತದೆ. ಮೊದಲ ಪಾಠ ಗಣಿತ. ಆ ಹುಡುಗಿಯರು ಗಣಿತದಲ್ಲಿ ಯಾಕೆ ಹಿಂದೆ ಎಂದು ಶಾಲೆಯಲ್ಲಿ ಯಾರೂ ಕೇಳಿದವರಿಲ್ಲ.

ತಿಂಗಳಾದ ಮೇಲೆ ಕಾಜಲ ಒಂದು ಹಾಳೆಯ ಪತ್ರವನ್ನೂ ಜೊತೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದ ಒಂದು ಪಟ್ಟಿಯನ್ನೂ ತಂದು ಮೇಜಿನ ಮೇಲಿಟ್ಟಳು. ಇಪ್ಪತ್ತನಾಲ್ಕು ದಿನದ ಪಟ್ಟಿ. ತಾರೀಖು, ಬಸ್ಸು ಬಂದ ಹೊತ್ತು, ನಿಂತಿದ್ದವರೆಷ್ಟು, ಬಸ್ಸು ನಿಂತಿತೋ ಇಲ್ಲವೋ. ಏಳು ದಿನ ನಿಂತಿತ್ತು, ಹದಿನೇಳು ದಿನ ನಿಂತಿರಲಿಲ್ಲ. ಮೂಲೆಯಲ್ಲಿ ಅರಿಶಿನದ ಬೆರಳಿನ ಗುರುತು. ಪತ್ರದಲ್ಲಿ ಹೀಗಿತ್ತು:

"ನಾವು ಒಂಬತ್ತು ಹುಡುಗಿಯರು. ಡ್ರೈವರ್ ಕಾಕಾ ಒಂಬತ್ತು ಮಂದಿಗೆ ನಿಲ್ಲಿಸಿದರೆ ಟೈಮ್ ಹಾಳಾಗುತ್ತದೆ ಅನ್ನುತ್ತಾರೆ. ನಾವು ಒಂಬತ್ತೂ ಮಂದಿ ಹತ್ತಲು ಐವತ್ತು ಸೆಕೆಂಡು ಬೇಕು. ಮುಂದೆ ಬಸವಣ್ಣೆಪ್ಪನವರ ಹೋಟೆಲಿನ ಮುಂದೆ ಬಸ್ಸು ಚಹಾಕ್ಕೆ ಒಂಬತ್ತು ನಿಮಿಷ ನಿಲ್ಲುತ್ತದೆ. ಬಸ್ಸಿನಲ್ಲಿ ಕುಳಿತ ದಿನ ನಾವು ಎಣಿಸಿದ್ದೇವೆ. ಚಹಾ ಎಂಟು ನಿಮಿಷ ಕುಡಿದರೂ ನಮಗೆ ಸಾಲುತ್ತದೆ."

ಮಾಸ್ತರರು ಓದಿ ಮುಗಿಸಿ ಕೆಂಪು ಪೆನ್ನು ತೆಗೆದರು. ಇಪ್ಪತ್ತೊಂದು ವರ್ಷದಲ್ಲಿ ಹತ್ತಕ್ಕೆ ಹತ್ತು ಕೊಟ್ಟಿರಲಿಲ್ಲ. ಆವತ್ತು ಕೊಟ್ಟರು. "ಇದು ನೋಟಬುಕ್ಕಿನಾಗ ಕೊಳೀಬಾರದವ್ವ," ಎಂದರು. "ಖರೇನೇ ಕಳಸಾಣ. ನಾ ಚೊಕ್ಕ ಮಾಡಿ ಬರ್ಕೊಂಡ ಬರ್ತೇನಿ."

ಆ ಹಾಳೆ ಚೊಕ್ಕವಾಗಿಯೇ ಇತ್ತು. ತಪ್ಪು ಅಲ್ಲಿಂದಲೇ ಶುರುವಾಯಿತು.

ಭಾನುವಾರ ಮಧ್ಯಾಹ್ನ ಬೀದರಿನ ಮನೆಯಲ್ಲಿ ಬಿಳಿ ಹಾಳೆ ಹರವಿಕೊಂಡು ಕುಳಿತವರಿಗೆ ಅಳುಕು ಹುಟ್ಟಿತು. ಸಾರಿಗೆ ಕಚೇರಿಯಲ್ಲಿ ದೊಡ್ಡ ಸಾಹೇಬರು ಇದನ್ನು ಓದುತ್ತಾರೆ. ಕೆಳಗೆ ಶಾಲೆಯ ಹೆಸರಿರುತ್ತದೆ, ಕನ್ನಡ ಶಿಕ್ಷಕ ಬದ್ರೋದ್ದೀನ ಎಂದಿರುತ್ತದೆ. 'ಡ್ರೈವರ್ ಕಾಕಾ', 'ಟೈಮ್ ಹಾಳಾಗುತ್ತದೆ'. ಇವನ ಕನ್ನಡ ಇಷ್ಟೇ ಎಂದರೆ? ಭಾಲ್ಕಿಯ ಆ ಬೆನ್ನು ತಟ್ಟಿದ ಕೈ ಮತ್ತೆ ಬೆನ್ನ ಮೇಲೆ ಬಿದ್ದಂತಾಯಿತು. ಅದೂ ಸಾಲದೆಂಬಂತೆ, ಒಂಬತ್ತು. ಒಂಬತ್ತು ಎಂದು ಯಾರಾದರೂ ಅರ್ಜಿ ಬರೆಯುತ್ತಾರೆಯೇ? ಗಂಜದಲ್ಲಿ ಬೆಳೆದವರಿಗೆ ಗೊತ್ತು, ಮೊದಲು ಹೇಳಿದ ದರವನ್ನು ಕೇಳುವವನೂ ನಂಬುವುದಿಲ್ಲ, ಹೇಳುವವನೂ ನಂಬುವುದಿಲ್ಲ. ಎತ್ತರಕ್ಕೆ ಹೇಳಬೇಕು, ಅವರು ಕಡಿಯುತ್ತಾರೆ, ನಡುವೆ ಎಲ್ಲೋ ಬಂದು ನಿಲ್ಲುತ್ತದೆ. ಅರ್ಜಿಯೂ ಹಾಗೆಯೇ ಎಂದು ಈ ಸೀಮೆಯಲ್ಲಿ ಎಲ್ಲರೂ ನಂಬಿದ್ದಾರೆ. ಹತ್ತು ಮನೆಯ ಓಣಿಗೆ ನೀರು ಬೇಕಾದರೆ ಸಾವಿರ ಮನೆ ಎಂದು ಬರೆಯುತ್ತೇವೆ.

ಮಾಸ್ತರರು ಪೆನ್ನು ಎತ್ತಿದರು. "ಗಡಿಭಾಗದ ಸುತ್ತಮುತ್ತಲಿನ ಗ್ರಾಮಗಳ ಎರಡು ನೂರಕ್ಕೂ ಮಿಕ್ಕಿದ ವಿದ್ಯಾರ್ಥಿನಿಯರು ಸಾರಿಗೆ ಸೌಲಭ್ಯದ ಅಭಾವದಿಂದ ಜ್ಞಾನಾರ್ಜನೆಗೆ ಎರವಾಗಿ ಅಶ್ರುಸಾಗರದಲ್ಲಿ ನಿಮಗ್ನರಾಗಿರುತ್ತಾರೆ." ಚಹಾದ ಸಾಲು ಮರ್ಯಾದೆಯಲ್ಲ ಎಂದು ತೆಗೆದರು. ಐವತ್ತು ಸೆಕೆಂಡು ಚಿಲ್ಲರೆ ಮಾತು ಎಂದು ತೆಗೆದರು. ಪೆನ್ಸಿಲ್ ಪಟ್ಟಿಗೆ ಅರಿಶಿನ ಹತ್ತಿದೆ ಎಂದು ಲಗತ್ತಿಸಲೇ ಇಲ್ಲ. ಬರೆದು ಮುಗಿಸಿದಾಗ ಅವರಿಗೆ ಬಹಳ ಸಮಾಧಾನವಾಯಿತು. ಆ ಸಮಾಧಾನ ನೆನಪಾದಾಗಲೆಲ್ಲ ಈಗ ಅವರಿಗೆ ತಮ್ಮ ಮುಖ ತಾವೇ ನೋಡಿಕೊಳ್ಳಲಾಗುವುದಿಲ್ಲ.

ಸೋಮವಾರ ಧೊಂಡಿಬಾ ಕಂಬಳಿ ಹೆಗಲಿಗೆ ಹಾಕಿಕೊಂಡು ಶಾಲೆಗೆ ಬಂದ. ಪಾಲಕರ ಪರವಾಗಿ ಅವನ ಸಹಿ ಬೇಕಿತ್ತು. ಅವನಿಗೆ ಹೆಸರು ಬರೆಯಲು ಬರುತ್ತಿತ್ತು, ಕನ್ನಡ ಓದಲು ಬರುತ್ತಿರಲಿಲ್ಲ. ಮಾಸ್ತರರು ಗಟ್ಟಿಯಾಗಿ ಓದಿದರು. ಧೊಂಡಿಬಾ ಕಣ್ಣು ಅರಳಿಸಿ ಕೇಳಿದ. "ಭಾರಿ ಬರದೀರಿ ಮಾಸ್ತರ್. ಒಂದ ಮಾತೂ ತಿಳಿಲಿಲ್ಲ," ಎಂದು ಸಹಿ ಹಾಕಿದ.

ಪಕ್ಕದಲ್ಲಿ ನಿಂತ ಕಾಜಲಳಿಗೆ ತಿಳಿದಿತ್ತು. ಅಪ್ಪ ಅತ್ತ ಹೋದ ಮೇಲೆ ಕೇಳಿದಳು. "ಸರ್, ನಾವು ಒಂಬತ್ತ ಮಂದೀನೇ ಇದೀವಲ್ರಿ."

"ಅರ್ಜಿದಾಗ ಹಂಗ ಬರೀತಾರವ್ವ. ಎರಡ ನೂರಾ ಅಂದ್ರ ಇಪ್ಪತ್ತಾದ್ರೂ ಇರಬೇಕು ಅಂತ ತಿಳ್ಕೋತಾರ."

"ಮತ್ತ ನೀವು ಆಧಾರ ಅಂದ್ರ..."

"ಕ್ಲಾಸ್ ಬ್ಯಾರೆ, ಕಚೇರಿ ಬ್ಯಾರೆ ಕಾಜಲ. ದೊಡ್ಡಾಕಿ ಆದಮ್ಯಾಲ ತಿಳೀತದ."

ಅವಳು "ಹೂಂ ಸರ್" ಎಂದಳು. ಶಾಲೆಗಳಲ್ಲಿ ಮಕ್ಕಳು ದಿನಕ್ಕೆಷ್ಟು ಸಲ ಹೀಗೆ ಹೂಂ ಎನ್ನುತ್ತಾರೆ! ಒಂದೊಂದು ಹೂಂ ಎಂದಾಗಲೂ ಅವರೊಳಗೆ ಏನೋ ಒಂದು ಮುಚ್ಚಿಕೊಳ್ಳುತ್ತದೆ. ಮಾಸ್ತರರಾಗಿದ್ದವರು ಇದನ್ನು ಓದುತ್ತಿದ್ದರೆ ಎದೆ ಮುಟ್ಟಿ ನೋಡಿಕೊಳ್ಳಲಿ.

ಯಾರೂ ಎಣಿಸದ್ದು ಆಯಿತು. ಅರ್ಜಿಗೆ ಬೆಲೆ ಸಿಕ್ಕಿತು. ಎರಡು ನೂರು ಎಂಬ ಸಂಖ್ಯೆ ನೋಡಿ ಕಚೇರಿಯವರು ಬೆಚ್ಚಿ, ಒಬ್ಬ ಪರಿಶೀಲಕನನ್ನು ಕಳಿಸಿದರು. ಆ ಮನುಷ್ಯ ತನ್ನ ಕೆಲಸವನ್ನು ನೆಟ್ಟಗೆ ಮಾಡುವವನು. ಮುಂಜಾನೆ ಎಂಟಕ್ಕೆ ಮೋಟಾರ್ ಸೈಕಲ್ ಮೇಲೆ ಧನಗರವಾಡಿ ಕ್ರಾಸಿಗೆ ಬಂದು ನಿಂತ. ಆವತ್ತು ಇಬ್ಬರಿಗೆ ಜ್ವರ. ನಿಂತಿದ್ದವರು ಏಳು ಮಂದಿ.

"ಎರಡ ನೂರಾ ಎಲ್ಲಿ ಅದಾರವಾ?" ಎಂದು ಕೇಳಿದ.

ಹುಡುಗಿಯರು ಕಾಜಲಳ ಮುಖ ನೋಡಿದರು. ಕಾಜಲ ನೆಲ ನೋಡಿದಳು.

ಆ ಹೊತ್ತಿಗೆ ಮಾಸ್ತರರು ಔರಾದಿನಲ್ಲಿ ಜೀಪಿಗೆ ಕಾಯುತ್ತಿದ್ದರು. ಪರಿಶೀಲಕ ಬರುತ್ತಾನೆ ಎಂದು ಹಿಂದಿನ ದಿನವೇ ಶಾಲೆಗೆ ಫೋನು ಬಂದಿತ್ತು. ಬೇಗ ಹೊರಟು ಕ್ರಾಸಿಗೆ ಹೋಗಬಹುದಿತ್ತು. ಹೋಗಲಿಲ್ಲ. ಹೋದರೆ ಎಣಿಸುವಾಗ ಎದುರಿಗೆ ನಿಂತಿರಬೇಕಾಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಹದಿನೈದು ದಿನಕ್ಕೆ ಎರಡು ಸಾಲಿನ ಉತ್ತರ ಬಂತು. ಅರ್ಜಿಯಲ್ಲಿ ಕಾಣಿಸಿದ ಸಂಖ್ಯೆ ಸ್ಥಳದಲ್ಲಿ ಕಂಡುಬಂದಿರುವುದಿಲ್ಲ. ಅರ್ಜಿಯನ್ನು ಮುಕ್ತಾಯಗೊಳಿಸಿದೆ. ಬಸ್ಸು ನಿಲ್ಲುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಏಳಲೇ ಇಲ್ಲ. ಒಂದು ಸುಳ್ಳು ಸಿಕ್ಕಿದರೆ ಸಾಕು, ಅದರ ಹಿಂದೆ ನಿಂತ ನಿಜವನ್ನೂ ಸೇರಿಸಿ ಬಾಗಿಲು ಹಾಕಿಕೊಳ್ಳಬಹುದು. ಕಚೇರಿಗಳಿಗೆ ಇದಕ್ಕಿಂತ ಹಿತವಾದದ್ದು ಇನ್ನೊಂದಿಲ್ಲ. ಆ ಹಿತವನ್ನು ಅವರ ಕೈಗೆ ಕೊಟ್ಟವರು ಬದ್ರೋದ್ದೀನ ಮಾಸ್ತರರು.

ಸುದ್ದಿ ಮೊದಲು ಮುಟ್ಟಿದ್ದು ಬಸವಣ್ಣೆಪ್ಪನ ಹೋಟೆಲಿಗೆ. ಧೊಂಡಿಬಾ ಕುರಿ ಹೊಡೆದುಕೊಂಡು ಆ ದಾರಿಯಲ್ಲಿ ಬಂದರೆ ಬೆಂಚಿನ ಮೇಲೆ ಕುಳಿತವರು ಶುರು ಮಾಡುತ್ತಿದ್ದರು.

"ಬಂದಾ ನೋಡ್ರಿ, ಎರಡ ನೂರಾ ಹೆಣ್ಣಮಕ್ಕಳ ಅಪ್ಪಾ!"

"ಧೊಂಡಿಬಾ, ನಿನ್ನ ಕುರಿನೂ ಸೇರ್ಸಿ ಎಣಿಸಿದ್ದಿ ಏನು?"

"ಲಗ್ನ ಮಾಡಾದ್ರಾಗ ಮುಗೀತಪ್ಪ ಇವನ ಗತಿ!"

ಎರಡು ವಾರ ಅವನು ನಕ್ಕು ಸಹಿಸಿದ. ಮೂರನೆಯ ವಾರ ಮನೆಗೆ ಹೋಗಿ ಹೆಂಡತಿ ಸಖುಬಾಯಿಗೆ, "ಸಾಕು. ಭಾಲ್ಕಿಗಿ ಕಳಸು ಅಕಿನ್ನ" ಎಂದ. ಭಾಲ್ಕಿಯಲ್ಲಿ ಸಖುಬಾಯಿಯ ಅಕ್ಕ ಕೌಸಲ್ಯಾಬಾಯಿ ಸೀರೆಗೆ ಪೀಕೋ, ಫಾಲ್ ಹಚ್ಚುವ ಅಂಗಡಿ ಇಟ್ಟಿದ್ದಳು. ಕೈಕೆಳಗೆ ಒಬ್ಬ ಹುಡುಗಿ ಬೇಕೆಂದು ವರ್ಷದಿಂದ ಹೇಳುತ್ತಿದ್ದಳು. ಕಾಜಲ ಹೋದಳು. ಅವಳ ಹಿಂದೆ ಇನ್ನಿಬ್ಬರು ಮನೆಯಲ್ಲಿ ಉಳಿದರು.

ಮಾಸ್ತರರಿಗೆ ಇದು ಗೊತ್ತಾದದ್ದು ಹಾಜರಿ ಪುಸ್ತಕದಿಂದ. ಮೊದಲು ನಾಲ್ಕು ದಿನ ಗೈರು, ಆಮೇಲೆ ಹತ್ತು ದಿನ, ಆಮೇಲೆ ಅವಳ ಹೆಸರು ಕೂಗುವುದನ್ನೇ ಬಿಟ್ಟು ಮುಂದಿನ ಹೆಸರಿಗೆ ಹೋಗತೊಡಗಿದರು. ಮಕ್ಕಳು ಗಮನಿಸಿದರು. ಒಬ್ಬಳು ಕೇಳಿಯೇ ಬಿಟ್ಟಳು. "ಸರ್, ಕಾಜಲಂದು ಬಸ್ಸಿನ ಪತ್ರ ಏನಾಯ್ತ್ರಿ?"

"ವಿಚಾರಣಿದಾಗ ಅದವ್ವ," ಎಂದರು. ಮುಕ್ತಾಯದ ಉತ್ತರ ಅವರ ಚೀಲದಲ್ಲೇ ಇತ್ತು.

ಆಮೇಲೆ ಅವರಿಗೆ ಪಾಠ ಮಾಡುವುದು ಕಷ್ಟವಾಯಿತು. ಆಧಾರ ಎಂಬ ಶಬ್ದ ಬಾಯಿಗೆ ಬಂದರೆ ಮಾತು ಬದಲಿಸುತ್ತಿದ್ದರು. ನೋಟಬುಕ್ಕು ತಿದ್ದುವಾಗ ಮಕ್ಕಳು 'ನೂರಾರು', 'ಸಾವಿರಾರು' ಎಂದು ಬರೆದಲ್ಲಿ ಕೆಂಪು ಪೆನ್ನು ಇಡಲು ಹೋಗಿ ಕೈ ಹಿಂದೆ ತೆಗೆಯುತ್ತಿದ್ದರು. ಯಾವ ಮುಖ ಇಟ್ಟುಕೊಂಡು ತಿದ್ದುವುದು? ಅರ್ಜಿ ಬರೆಸಲು ಬಂದವರಿಗೆ ಕಣ್ಣು ನೋವು ಎಂದು ಹೇಳಿ ಕಳಿಸಿದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತರೆ ಪ್ರತಿ ಕ್ರಾಸಿನಲ್ಲೂ ನಿಂತವರನ್ನು ಎಣಿಸುವ ರೋಗ ಹತ್ತಿತು. ಎಲ್ಲಿಯೂ ಎರಡು ನೂರು ಇರುತ್ತಿರಲಿಲ್ಲ. ಮೂವರು, ಐವರು, ಒಬ್ಬ ಮುದುಕಿ.

ಕೊನೆಗೆ ಒಂದು ಶುಕ್ರವಾರ ರಾತ್ರಿ ಊಟದ ಹೊತ್ತಿಗೆ ಹೆಂಡತಿ ಮುಸರ್ರತಳ ಮುಂದೆ ಎಲ್ಲವನ್ನೂ ಹೇಳಿದರು. ಹೇಳುವಾಗಲೂ ನೆಪ ಬಿಡಲಿಲ್ಲ. ಸಾಹೇಬರು ಸಣ್ಣ ಸಂಖ್ಯೆಗೆ ಬೆಲೆ ಕೊಡುವುದಿಲ್ಲ, ಹುಡುಗಿಯರ ಒಳ್ಳೆಯದಕ್ಕೇ ಬರೆದೆ ಎಂದರು. ಮುಸರ್ರತ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಅವರ ಕಡೆ ತಿರುಗಿದಳು.

"ನೌ ಛೋಕ್ರ್ಯಾಂ ಕಮ್ ಪಡೇ ಕ್ಯಾ ಜೀ ತುಮನಾ?"

ಒಂಬತ್ತು ಹುಡುಗಿಯರು ನಿಮಗೆ ಕಡಿಮೆಯಾದರೇ? ಅಷ್ಟೇ ಕೇಳಿದಳು. ಮತ್ತೆ ಹೆಂಚಿನ ಕಡೆ ತಿರುಗಿದಳು.

ಇಷ್ಟು ದಿನ ಮಾಸ್ತರರು ಸುಳ್ಳು ಬರೆದೆ ಎಂದು ಕೊರಗುತ್ತಿದ್ದರು. ಸುಳ್ಳು ಅದರ ತೊಗಟೆ ಮಾತ್ರ. ಒಳಗಿದ್ದದ್ದು ಇದು: ಒಂಬತ್ತು ಮಂದಿ ಲೆಕ್ಕಕ್ಕಿಲ್ಲ ಎಂದು ಡ್ರೈವರಿಗಿಂತ ಮೊದಲು, ಸಾಹೇಬನಿಗಿಂತ ಮೊದಲು, ಅವರೇ ತೀರ್ಮಾನಿಸಿದ್ದರು. ಹತ್ತಕ್ಕೆ ಹತ್ತು ಕೊಟ್ಟ ಕೈಯಿಂದಲೇ.

ಮರುದಿನ ಮಧ್ಯಾಹ್ನ ಭಾಲ್ಕಿಗೆ ಹೋದರು. ಪೇಟೆಯ ಒಳಗಿನ ಗಲ್ಲಿಯಲ್ಲಿ ಪುಟ್ಟ ಅಂಗಡಿ, ಎರಡು ಮಶೀನು, ಗೋಡೆಗೆಲ್ಲ ಬಣ್ಣಬಣ್ಣದ ದಾರದ ಉಂಡೆ. ಅವರು ಕಾಜಲಳ ಹೆಸರು ಹೇಳಿದ ಕೂಡಲೇ ಕೌಸಲ್ಯಾಬಾಯಿ ಗುರುತು ಹಿಡಿದಳು.

"ಬರ್ರಿ ಮಾಸ್ತರ್. ಎರಡ ನೂರಾ ಹುಡುಗ್ಯಾರ್ನ ಬಿಟ್ಟು ಇಲ್ಲಿತನಾ ಬಂದೀರಿ? ಇಲ್ಲಿ ಒಬ್ಬಾಕೀನೇ ಅದಾಳ್ರಿ."

ಒಳಗಿನ ಮಶೀನು ನಿಂತಿತು. ಕಾಜಲ ಎದ್ದು, ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ ಕೈ ಕಟ್ಟಿ ನಿಂತು, "ನಮಸ್ತೆ ಸರ್" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

"ನಾ ತಪ್ಪ ಮಾಡ್ದೆ ಕಾಜಲ."

"ಯಾವುದ್ರಿ?" ಕುಹಕವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. "ಎರಡ ನೂರಾ ಬರದಿದ್ದಾ, ನನ್ನ ಪಟ್ಟಿ ಹಚ್ಚಲಾರದ್ದಾ, ನಮ್ಮಪ್ಪಗ ತಿಳಿಲಾರದ್ದಕ್ಕ ಸಹಿ ಮಾಡಿಸ್ಕೊಂಡಿದ್ದಾ?"

ಮಾಸ್ತರರು ಬೀದರಿನಿಂದ ಒಂದೇ ತಪ್ಪು ಹೊತ್ತುಕೊಂಡು ಬಂದಿದ್ದರು. ಅವಳ ಬಳಿ ಮೂರಿದ್ದವು. ನಾಲ್ಕನೆಯದನ್ನೂ ಅವಳೇ ಹೇಳಿದಳು.

"ಆ ಸಾಹೇಬ ಬಂದಾಗ ನೀವು ಬಂದು, 'ಇದು ನಾನೇ ಬರದೀನಿ' ಅನಬೇಕಿತ್ರಿ."

"ನೀ ಯಾಕ ಹೇಳಲಿಲ್ಲವ್ವ, ಮಾಸ್ತರೇ ಬರದಾರ ಅಂತ?"

ಅವಳು ಅವರನ್ನು ವಿಚಿತ್ರವಾಗಿ ನೋಡಿದಳು. "ನೀವು ನಮ್ಮ ಸರ್ ಅಲ್ಲೇನ್ರಿ?"

ಕೌಸಲ್ಯಾಬಾಯಿ ಮುಖ ತಿರುಗಿಸಿ ಸೂಜಿಗೆ ದಾರ ಪೋಣಿಸುತ್ತ ಕುಳಿತಳು. ಮಾಸ್ತರರು ಚೀಲದಿಂದ ಎರಡು ಹಾಳೆ ತೆಗೆದರು. ಪೆನ್ಸಿಲಿನ ಪಟ್ಟಿ ಮತ್ತು ಅವಳ ಪತ್ರ. ಇದನ್ನೇ ಕಳಿಸುತ್ತೇನೆ, ಇದ್ದದ್ದು ಇದ್ದ ಹಾಗೆ, ಒಂಬತ್ತು ಎಂದೇ, ಎಂದರು.

ಕಾಜಲ ಹಾಳೆ ತೆಗೆದುಕೊಂಡು ಓದಿದಳು. "ಇದು ಹಳೇದಾಯ್ತ್ರಿ," ಎಂದಳು. "ಈಗ ಎಷ್ಟ ಮಂದಿ ನಿಂದ್ರತಾರ?"

"ಆರು."

"ಹಂಗಾರ ಆರು ಅಂತ ಬರೀರಿ. ನನ್ನ ಎಣಿಸಬ್ಯಾಡ್ರಿ ಸರ್. ನಾ ಅಲ್ಲಿ ನಿಂತಿಲ್ಲ."

ಹೀಗೆ ಹೇಳಿ ಹಾಳೆ ಮರಳಿ ಕೊಟ್ಟು ಮಶೀನಿಗೆ ಹೋಗಿ ಕುಳಿತಳು. ಯಾರದೋ ಹಸಿರು ಸೀರೆಯ ಅಂಚು ಸರಸರ ಸರಿಯತೊಡಗಿತು.

ಸೋಮವಾರ ಮುಂಜಾನೆ, ಚಹಾಕ್ಕೆ ಜನ ಸೇರುವ ಹೊತ್ತಿಗೆ, ಮಾಸ್ತರರು ಬಸವಣ್ಣೆಪ್ಪನ ಹೋಟೆಲಿಗೆ ಹೋದರು. ಧೊಂಡಿಬಾನಿಗೆ ಬರಲು ಹೇಳಿ ಕಳಿಸಿದ್ದರು. ಅವನು ಬಂದು ದೂರ, ಬೇವಿನ ಮರದ ಕೆಳಗೆ ನಿಂತ. ಬೆಂಚಿನವರು ಬಾಯಿ ತೆರೆಯುವ ಮೊದಲೇ ಮಾಸ್ತರರು ಹೊಸ ಪತ್ರ ಬಿಚ್ಚಿ ಗಟ್ಟಿಯಾಗಿ ಓದಿದರು.

"ಮೊದಲಿನ ಅರ್ಜಿಯಲ್ಲಿ ಎರಡು ನೂರು ಎಂದು ಬರೆದವನು ನಾನು. ಅದು ಸುಳ್ಳು. ಹುಡುಗಿಯರು ಒಂಬತ್ತು ಎಂದು ಹೇಳಿದ್ದರು. ಧೊಂಡಿಬಾ ನನ್ನನ್ನು ನಂಬಿ ಸಹಿ ಹಾಕಿದರು. ಆ ಸುಳ್ಳಿನಿಂದ ಮೂವರು ಶಾಲೆ ಬಿಟ್ಟಿದ್ದಾರೆ. ಈಗ ಆರು ಮಂದಿ ನಿಲ್ಲುತ್ತಾರೆ. ಅವರಿಗಾಗಿ ಬಸ್ಸು ನಿಲ್ಲಬೇಕು. ಅದಕ್ಕೆ ಐವತ್ತು ಸೆಕೆಂಡು ಸಾಕು. ಬಸವಣ್ಣೆಪ್ಪನವರ ಹೋಟೆಲಿನ ಮುಂದೆ ಒಂಬತ್ತು ನಿಮಿಷ ನಿಲ್ಲುತ್ತದೆ."

ಬಸವಣ್ಣೆಪ್ಪ ಚಹಾ ಸೋಸುವ ಅರಿವೆ ಕೈಯಲ್ಲಿ ಹಿಡಿದೇ ಹೊರಗೆ ಬಂದ. "ನನ್ನ ಹೋಟೆಲ್ ಹೆಸರು ಯಾಕ ಹಾಕ್ಲತ್ತೀರಿ ಅದರಾಗ?"

"ಖರೆ ಅದನೋ ಇಲ್ಲೋ?"

"ಖರೆ ಅದ್ರಿ. ಆದರ... ಎಂಟ ನಿಮಿಷ ಅಂತ ಬರೀರಲ್ಲ."

"ಹುಡುಗಿ ಎಣಿಸ್ಯಾಳ. ಒಂಬತ್ತು."

ಒಬ್ಬಿಬ್ಬರು ನಕ್ಕರು. ಧೊಂಡಿಬಾ ನಗಲಿಲ್ಲ. ಮರದ ಕೆಳಗಿನಿಂದ ಬಂದು ಮಾಸ್ತರರ ಎದುರಿಗೆ ನಿಂತ.

"ಇನ್ನೊಮ್ಮಿ ಓದ್ರಿ. ಸಾವಕಾಶ."

ಓದಿದರು.

"ಆರು ಎಲ್ಲಿ ಅದ? ತೋರ್ಸ್ರಿ."

ಮಾಸ್ತರರು ತೋರಿಸಿದರು. ಧೊಂಡಿಬಾ ಆ ಅಂಕಿಯ ಮೇಲೆ ಹೆಬ್ಬೆರಳಿಟ್ಟು ಬಹಳ ಹೊತ್ತು ನೋಡಿದ. ಆಮೇಲೆ ಪೆನ್ನು ಕೇಳಿ ಪಡೆದು ಸಹಿ ಹಾಕಿದ. "ಹದಿನೈದ ದಿನ ಬಿಡದಂಗ ಬಸ್ ನಿಂತ್ರ ಭಾಲ್ಕಿಗಿ ಹೋಗಿ ಅಕಿನ್ನ ಕರ್ಕೊಂಡ ಬರ್ತೇನಿ," ಎಂದ. "ಅಲ್ಲಿತನಾ ನನ್ನ ಮುಂದ ಬರಬ್ಯಾಡ್ರಿ ಮಾಸ್ತರ್."

ಪತ್ರ ಹೋಯಿತು, ಪೆನ್ಸಿಲ್ ಪಟ್ಟಿಯ ಸಮೇತ. ಮಾಸ್ತರರಿಗೆ ಶಿಕ್ಷಣ ಇಲಾಖೆಯಿಂದ ನೋಟೀಸು ಬಂದಿದೆ. ಸುಳ್ಳು ಮಾಹಿತಿ ನೀಡಿದ್ದೇಕೆ, ವಿವರಣೆ ಕೊಡಿ ಎಂದು. ವಿವರಣೆಯನ್ನು ಅವರು ಮೂರು ಸಾಲಿನಲ್ಲಿ ಬರೆದು ಕೊಟ್ಟಿದ್ದಾರೆ, ಅದರಲ್ಲಿ ಒಂದೂ ಭಾರದ ಶಬ್ದವಿಲ್ಲ. ಈಗ ಅವರು ಬೀದರಿನಿಂದ ಮೊದಲ ಬಸ್ಸು ಹಿಡಿದು, ಶಾಲೆಯನ್ನೂ ದಾಟಿ, ಧನಗರವಾಡಿ ಕ್ರಾಸಿಗೆ ಹೋಗಿ ನಿಲ್ಲುತ್ತಾರೆ. ತಾರೀಖು, ಹೊತ್ತು, ನಿಂತವರೆಷ್ಟು, ಬಸ್ಸು ನಿಂತಿತೋ ಇಲ್ಲವೋ. ಹೋದ ವಾರ ಆರು ದಿನದಲ್ಲಿ ನಾಲ್ಕು ದಿನ ನಿಂತಿದೆ. ಧೊಂಡಿಬಾ ಹೇಳಿದ್ದು ಬಿಡದಂಗ ಎಂದು. ಎಣಿಕೆ ಮತ್ತೆ ಒಂದರಿಂದ ಶುರುವಾಗಿದೆ. ಬಸ್ಸು ತಪ್ಪಿದ ದಿನ ಮಾಸ್ತರರು ಹುಡುಗಿಯರ ಹಿಂದೆ ಐದು ಕಿಲೋಮೀಟರು ನಡೆಯುತ್ತಾರೆ. ಅವರು ಮಾತಾಡಿಸಿದರೆ ಮಾತಾಡುತ್ತಾರೆ, ಇಲ್ಲದಿದ್ದರೆ ಇಲ್ಲ.

ಬದ್ರೋದ್ದೀನ ಮಾಸ್ತರರನ್ನು ಬೈಯುವುದು ಸುಲಭ. ಆದರೆ ಹೋದ ವರ್ಷ ನೀವು ಎಷ್ಟು ಅರ್ಜಿಗೆ ಓದದೆ ಸಹಿ ಹಾಕಿದಿರಿ? ಎಷ್ಟು ಕಡೆ 'ಸಾವಿರಾರು ಜನ' ಎಂದು ಬರೆದಿರಿ, ಅವರಲ್ಲಿ ಒಬ್ಬರ ಹೆಸರೂ ತಿಳಿಯದೆ? ನಾಳೆ ಮುಂಜಾನೆ ನಿಮ್ಮೂರಿನ ಕ್ರಾಸಿಗೆ ಹೋಗಿ ನಿಲ್ಲಿ. ಅಲ್ಲಿ ಬಸ್ಸಿಗೆ ಕಾಯುವ ಹುಡುಗಿಯರ ಹೆಸರು ಕೇಳಿ, ಎಣಿಸಿ. ಇಬ್ಬರಿದ್ದರೆ ಇಬ್ಬರು ಎಂದು ಬರೆಯಿರಿ, ನಿಮ್ಮ ಸಹಿ ಹಾಕಿ, ಅವರಿಗೆ ಗಟ್ಟಿಯಾಗಿ ಓದಿ ಹೇಳಿ. ಆಮೇಲೆ ಆ ಹಾಳೆ ಹಿಡಿದು ಕಚೇರಿಗೆ ನೀವೇ ನಡೆಯಿರಿ.